‘ಸೋ ವಾಟ್’ನಲ್ಲಿ ಮೈಲ್ಸ್ ಡೇವಿಸ್ ನುಡಿಸಿದ 64 ಬಾರ್‌ಗಳು: ಅಷ್ಟು ಕಡಿಮೆ ಸ್ವರಗಳಲ್ಲಿ ಅಷ್ಟೊಂದು ಹೇಗೆ?

ಸ್ವರಾಸಕ್ತ

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಧ್ವನಿತಟ್ಟೆ ‘ಕೈಂಡ್ ಆಫ್ ಬ್ಲೂ’ಗೆ ಹೊಗಳಿಕೆಯ ಬರವಿಲ್ಲ. ಆದರೆ ಯಾವ ಬಾರ್‌ನಲ್ಲಿ (ನಾಲ್ಕು ಬೀಟಿನ ಒಂದು ಅಳತೆ) ಏನಾಯಿತು, ಅದು ಯಾಕೆ ಮನಸ್ಸಿಗೆ ನಾಟಿತು ಎಂದು ಬೆರಳಿಟ್ಟು ತೋರಿಸುವವರು ಕಡಿಮೆ. ಅದಕ್ಕೇ ಒಂದೇ ಒಂದು ಸೋಲೋ (ಒಬ್ಬ ವಾದಕ ಮುಂದೆ ಬಂದು ಆ ಕ್ಷಣದಲ್ಲೇ ಕಟ್ಟಿ ನುಡಿಸುವ ಭಾಗ) ಹಿಡಿದುಕೊಳ್ಳೋಣ: ತಟ್ಟೆಯ ಮೊದಲ ರಚನೆ ‘ಸೋ ವಾಟ್’ನಲ್ಲಿ ಮೈಲ್ಸ್ ಡೇವಿಸ್ ನುಡಿಸಿದ ಎರಡು ಕೋರಸ್, ಅಂದರೆ ರಚನೆಯ ಎರಡು ಪೂರ್ಣ ಆವರ್ತ. ಧ್ವನಿಮುದ್ರಣವಾದದ್ದು 1959ರ ಮಾರ್ಚ್ 2ರಂದು, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ. ಟೆನರ್ ಸ್ಯಾಕ್ಸೊಫೋನ್ ಜಾನ್ ಕೋಲ್ಟ್ರೇನ್, ಆಲ್ಟೊ ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೊ ಬಿಲ್ ಎವನ್ಸ್, ಬಾಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್.

ರಚನೆಯ ಚೌಕಟ್ಟು ಸರಳ. ಒಂದು ಆವರ್ತಕ್ಕೆ 32 ಬಾರ್. ಮೊದಲ 16 ಬಾರ್ ಡಿ ಡೋರಿಯನ್ ಎಂಬ ಸ್ಕೇಲ್ (ಡಿಯಿಂದ ಹೊರಡುವ ಏಳು ಸ್ವರಗಳ ಸಾಲು), ನಂತರದ 8 ಬಾರ್ ಬ್ರಿಡ್ಜ್ ಎನ್ನುವ ನಡುಭಾಗ, ಅಲ್ಲಿ ಇಡೀ ಸ್ಕೇಲ್ ಅರ್ಧ ಸ್ವರ ಮೇಲೇರಿ ಇ ಫ್ಲ್ಯಾಟ್ ಡೋರಿಯನ್ ಆಗುತ್ತದೆ. ಕೊನೆಯ 8 ಬಾರ್ ಮತ್ತೆ ಡಿ. ಇಷ್ಟೇ ಸಾಮಗ್ರಿ. ನಮ್ಮ ಕಿವಿಗೆ ಹೇಳುವುದಾದರೆ ಡೋರಿಯನ್ ಅಂದರೆ ಖರಹರಪ್ರಿಯದ ಸ್ವರಸ್ಥಾನಗಳು. ಸ್ಥಾನ ಮಾತ್ರ ಒಂದೇ, ಸ್ವರವನ್ನು ಹಿಡಿಯುವ ರೀತಿ ಪೂರ್ತಿ ಬೇರೆ. ಗಮಕದ ನಿರೀಕ್ಷೆ ಇಟ್ಟುಕೊಂಡು ಕೇಳಬೇಡಿ. ಮೈಲ್ಸ್ ಸ್ವರವನ್ನು ನೆಟ್ಟಗೆ ಇಡುತ್ತಾರೆ, ಕಂಪನ ಇಲ್ಲವೆನ್ನುವಷ್ಟು ಕಡಿಮೆ.

ನನಗೆ ಬೆರಗು ಹುಟ್ಟಿಸುವುದು ಇದು: ಇಲ್ಲಿ ಮಿಂಚಿನ ವೇಗವಿಲ್ಲ, ತಾರಸ್ಥಾಯಿಯ ಸಾಹಸವಿಲ್ಲ. ಬಹುಪಾಲು ಮಧ್ಯಸ್ಥಾಯಿ. ಎರಡು ಮೂರು ಸ್ವರದ ತುಣುಕು, ಆಮೇಲೆ ಮೌನ. ಮತ್ತೆ ಅದೇ ತುಣುಕು ಸ್ವಲ್ಪ ಬದಲಾಗಿ, ಬೇರೆ ಬೀಟ್‌ನಲ್ಲಿ ಬರುತ್ತದೆ. ಆ ಮೌನ ಖಾಲಿ ಅನ್ನಿಸುವುದೇ ಇಲ್ಲ. ಅದು ಹೇಗೆ ಸಾಧ್ಯವಾಯಿತು ಎಂಬುದೇ ಚರ್ಚೆ.

ಹೊಸ ಕಿವಿ

ಸೋಲೋ ಶುರುವಾಗುವ ಜಾಗ ಗೊತ್ತಾಗುತ್ತೆ, ಆಮೇಲೆ ಲೆಕ್ಕ ತಪ್ಪುತ್ತೆ. ಬ್ರಿಡ್ಜ್ ಬಂದದ್ದು ತಿಳಿಯುತ್ತೆ, ಆದರೆ ಎರಡನೇ ಕೋರಸ್ ಎಲ್ಲಿಂದ ಶುರು ಅಂತ ಹಿಡಿಯೋಕೆ ಆಗಲ್ಲ. ದಾರಿ ಇದೆಯಾ?

ಎಂಟರ ಲೆಕ್ಕ

ಇದೆ. ಅಲ್ಲಿ ಎಲ್ಲರೂ ತಪ್ಪುವುದಕ್ಕೆ ಕಾರಣವೂ ಇದೆ. ಒಂದು ಆವರ್ತದ ಕೊನೆಯ 8 ಬಾರ್ ಡಿ, ಮುಂದಿನ ಆವರ್ತದ ಮೊದಲ 16 ಬಾರ್ ಕೂಡ ಡಿ. ಒಟ್ಟು 24 ಬಾರ್ ಒಂದೇ ಸ್ಕೇಲ್, ನಡುವೆ ಯಾವ ಗಡಿಗಲ್ಲೂ ಇಲ್ಲ. ಗತಿ ನಿಮಿಷಕ್ಕೆ ಸುಮಾರು 136 ಬೀಟ್. ಅಂದರೆ 8 ಬಾರ್‌ಗೆ ಸುಮಾರು 14 ಸೆಕೆಂಡ್, ಈ 24 ಬಾರ್‌ಗೆ ಸುಮಾರು 42 ಸೆಕೆಂಡ್. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಬದಲಾಗುವುದನ್ನೇ ನಂಬಿ ಲೆಕ್ಕ ಇಡುವ ಕಿವಿ ಈ 42 ಸೆಕೆಂಡಿನಲ್ಲಿ ದಿಕ್ಕು ತಪ್ಪುತ್ತದೆ. ವೇದಿಕೆಯಲ್ಲಿ ಇದನ್ನು ನುಡಿಸುವವರೂ ಬ್ರಿಡ್ಜಿಗೆ ಎಂಟು ಬಾರ್ ಮೊದಲೋ ಆಮೇಲೋ ನುಗ್ಗುವುದು ಇಲ್ಲೇ.

ಹೀಗೆ ಮಾಡಿ. ಮೊದಲು ಟ್ರಂಪೆಟ್ ಬಿಟ್ಟು ಚೇಂಬರ್ಸ್ ಅವರ ಬಾಸ್ ಮಾತ್ರ ಕೇಳಿ, ಬೀಟಿಗೊಂದು ಸ್ವರದಂತೆ ನಡೆಯುತ್ತದೆ. ನಾಲ್ಕು ಬೀಟಿಗೆ ಒಂದು ಬೆರಳು ಮಡಚಿ, ಎಂಟು ಬೆರಳಾದರೆ ಒಂದು ಭಾಗ ಮುಗಿಯಿತು. ಶುರುವಿಗೆ ಗುರುತು ಕಾಬ್ ಅವರ ಸಿಂಬಲ್: ಹಾಡು ಒಂದೂವರೆ ನಿಮಿಷ ದಾಟುವ ಹೊತ್ತಿಗೆ ಆ ದೊಡ್ಡ ಏಟು ಬೀಳುತ್ತದೆ, ಅದರ ಅನುರಣನದ ಮೇಲೇ ಮೈಲ್ಸ್ ಒಳಗೆ ಬರುತ್ತಾರೆ. ಅದನ್ನೇ ಮೊದಲ ಬಾರ್ ಎಂದುಕೊಳ್ಳಿ. 17ನೇ ಬಾರ್‌ಗೆ ಬ್ರಿಡ್ಜ್, 25ಕ್ಕೆ ವಾಪಸ್, 33ಕ್ಕೆ ಎರಡನೇ ಕೋರಸ್, 49ಕ್ಕೆ ಮತ್ತೆ ಬ್ರಿಡ್ಜ್, 57ಕ್ಕೆ ಕೊನೆಯ ಭಾಗ. 64 ಮುಗಿದ ಮೇಲೆ ಕೋಲ್ಟ್ರೇನ್.

ಬೆರಳ ಲೆಕ್ಕ ಮೂರು ನಾಲ್ಕು ಸಲ ಸರಿಹೋದ ಮೇಲೆ ಬೆರಳು ಬಿಡಿ. ಆಮೇಲೆ ಎಂಟು ಬಾರ್‌ನ ಅಳತೆ ಮೈಯಲ್ಲೇ ಕೂರುತ್ತದೆ. ಅಲ್ಲಿಯವರೆಗೆ ಸೋಲೋ ಬಗ್ಗೆ ಅಭಿಪ್ರಾಯ ಕಟ್ಟುವುದು ಬೇಡ. ಎಲ್ಲಿ ನಿಂತಿದ್ದೇವೆ ಅಂತ ಗೊತ್ತಿಲ್ಲದೆ ಇದ್ದರೆ ಅವರು ಬಿಟ್ಟ ಜಾಗದ ಬೆಲೆ ತಿಳಿಯುವುದಿಲ್ಲ.

ಬೀಬಾಪ್ ಪಕ್ಷಪಾತಿ

ಗೌರವದಿಂದಲೇ ಒಂದು ತಕರಾರು. ಹದಿನಾರು ಬಾರ್ ಒಂದೇ ಸ್ಕೇಲ್ ಇದ್ದರೆ ತಪ್ಪು ಸ್ವರ ಬೀಳುವ ಭಯವೇ ಇಲ್ಲವಲ್ಲ. ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಅವರ ‘ಜಾಯ್ ಸ್ಪ್ರಿಂಗ್’ ಕೇಳಿ, 1954ರ ಆಗಸ್ಟ್‌ನಲ್ಲಿ ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಜತೆಗಿನ ತಂಡ ಲಾಸ್ ಏಂಜಲೀಸ್‌ನಲ್ಲಿ ಮುದ್ರಿಸಿದ್ದು. ಅದೂ 32 ಬಾರ್. ಮೊದಲ 8 ಎಫ್ ಮೇಜರ್, ಮುಂದಿನ 8 ಅದೇ ಮಟ್ಟು ಅರ್ಧ ಸ್ವರ ಮೇಲೆ ಜಿ ಫ್ಲ್ಯಾಟ್‌ನಲ್ಲಿ, ಬ್ರಿಡ್ಜ್ ಜಿಯಿಂದ ಹೊರಟು ಮತ್ತೆ ಮತ್ತೆ ಶ್ರುತಿ ಬದಲಿಸಿ ಎಫ್‌ಗೆ ಮರಳುತ್ತದೆ. ಬಾರ್‌ಗೊಂದು ಕಾರ್ಡ್, ಎಷ್ಟೋ ಕಡೆ ಬಾರ್‌ಗೆ ಎರಡು. ಅಲ್ಲಿ ಬ್ರೌನ್ ಪ್ರತಿ ಕಾರ್ಡನ್ನೂ ಟ್ರಂಪೆಟ್ ಒಂದರಲ್ಲೇ ಕೇಳಿಸುತ್ತಾರೆ. ಪಿಯಾನೊ ತೆಗೆದುಹಾಕಿದರೂ ಕಾರ್ಡ್ ಯಾವುದು ಅಂತ ತಿಳಿಯುತ್ತೆ.

ಹೇಗೆ ಅಂದರೆ, ಮೂರನೇ ಮತ್ತು ಏಳನೇ ಸ್ವರಗಳನ್ನು ಬೀಟಿನ ಮೇಲೆ ಇಡುವುದರಿಂದ. ಸಿ ಮೇಜರ್‌ನ ಉದಾಹರಣೆ: ಡಿ ಮೈನರ್ 7, ಜಿ 7, ಸಿ ಮೇಜರ್ 7. ಮೊದಲ ಕಾರ್ಡಿನ ಏಳನೇ ಸ್ವರ ಸಿ ಅರ್ಧ ಸ್ವರ ಇಳಿದು ಬಿ ಆದರೆ ಅದು ಜಿ 7ರ ಮೂರನೇ ಸ್ವರ. ಜಿ 7ರ ಏಳನೇ ಸ್ವರ ಎಫ್ ಅರ್ಧ ಇಳಿದು ಇ ಆದರೆ ಅದು ಸಿ ಕಾರ್ಡಿನ ಮೂರನೇ ಸ್ವರ. ಈ ಅರ್ಧ ಸ್ವರದ ಇಳಿಜಾರು ಕಾರ್ಡ್ ಬದಲಾಗುವ ಬೀಟಿಗೆ ಸರಿಯಾಗಿ ಬಿದ್ದರೆ ಕೇಳುಗನಿಗೆ ಬಾಗಿಲು ತೆರೆದ ಹಾಗೆ. ಬ್ರೌನ್ ಇದನ್ನು ನಾಲಿಗೆ ಜಾರದಂತೆ, ಅರ್ಧ ಬೀಟಿನ ಪ್ರತಿ ಸ್ವರವೂ ದುಂಡಗೆ ಕೇಳುವಂತೆ ಮಾಡಿದ್ದಾರೆ. 1956ರ ಜೂನ್ 26ರಂದು ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 25 ವರ್ಷ. ಆ ವಯಸ್ಸಿಗೆ ಆ ಪಕ್ವತೆ! ಹಾಗಾಗಿ ‘ಸೋ ವಾಟ್’ ಸೋಲೋ ಚೆಂದ ಅನ್ನಿ, ಒಪ್ಪುತ್ತೇನೆ. ಕಷ್ಟ ಅನ್ನಬೇಡಿ.

ಸ್ವರಾಸಕ್ತ

ಬ್ರೌನ್ ಬಗ್ಗೆ ನೀವು ಬರೆದದ್ದರಲ್ಲಿ ಒಂದಕ್ಷರವೂ ತೆಗೆಯುವಂತಿಲ್ಲ. ‘ತಪ್ಪು ಸ್ವರದ ಭಯ ಇಲ್ಲ’ ಅನ್ನುವ ಮಾತು ಮಾತ್ರ ಒಪ್ಪಲಾರೆ. ಕಾರ್ಡ್ ಓಡುತ್ತಿದ್ದರೆ ಮುಂದೇನು ನುಡಿಸಬೇಕು ಎಂಬುದನ್ನು ಅರ್ಧ ಕಾರ್ಡೇ ಹೇಳಿಕೊಡುತ್ತದೆ. ಈಗ ತಾನೇ ನೀವು ತೋರಿಸಿದ ಇಳಿಜಾರು ಅದೇ. ಡಿ ಡೋರಿಯನ್‌ನಲ್ಲಿ ಆ ಇಳಿಜಾರೇ ಇಲ್ಲ, ನೆಲ ಸಪಾಟು. ಏಳೂ ಸ್ವರ ‘ಸರಿ’. ಹಾಗಾಗಿ ಯಾವುದಕ್ಕೂ ತಾನಾಗಿ ತೂಕ ಬರುವುದಿಲ್ಲ, ನುಡಿಸುವವನೇ ತೂಕ ಹುಟ್ಟಿಸಬೇಕು. ಸ್ಕೇಲನ್ನು ಮೇಲೆ ಕೆಳಗೆ ಓಡಿಸಿದರೆ ಎಂಟು ಬಾರ್‌ನೊಳಗೆ ಸರಕು ಖಾಲಿ. ಕಲಿಯುವವರ ‘ಸೋ ವಾಟ್’ ಸಪ್ಪೆಯಾಗುವುದು ಇದೇ ಕಾರಣಕ್ಕೆ.

ಬ್ರಿಡ್ಜ್ ಕಡೆ ನೋಡಿ. ಡಿ ಡೋರಿಯನ್‌ನ ಸ್ವರಗಳು ಡಿ, ಇ, ಎಫ್, ಜಿ, ಎ, ಬಿ, ಸಿ. ಇ ಫ್ಲ್ಯಾಟ್ ಡೋರಿಯನ್‌ನವು ಇ ಫ್ಲ್ಯಾಟ್, ಎಫ್, ಜಿ ಫ್ಲ್ಯಾಟ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್, ಸಿ, ಡಿ ಫ್ಲ್ಯಾಟ್. ಎರಡಕ್ಕೂ ಸಮಾನವಾದದ್ದು ಎಫ್ ಮತ್ತು ಸಿ ಎರಡೇ. ಉಳಿದ ಐದೂ ಸ್ವರ ಒಂದೇ ಬಾರಿಗೆ ಕಾಲಡಿಯಿಂದ ಸರಿಯುತ್ತವೆ. ಡಿಯಲ್ಲಿ ಮೈನರ್ ಮೂರನೇ ಸ್ವರವಾಗಿದ್ದ ಎಫ್ ಬ್ರಿಡ್ಜಿನಲ್ಲಿ ಎರಡನೇ ಸ್ವರವಾಗುತ್ತದೆ, ಏಳನೆಯದಾಗಿದ್ದ ಸಿ ಆರನೆಯದಾಗುತ್ತದೆ. ಸ್ವರ ಅಲುಗದೆ ಅದರ ಅರ್ಥ ಬದಲಾಗುತ್ತದೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ: 16ನೇ ಬಾರ್‌ನಲ್ಲಿ ಎಫ್ ಹಿಡಿದು, ಬಿಡದೆ 17ಕ್ಕೆ ದಾಟಿ, ಕೆಳಗಿನ ಹಾರ್ಮನಿ ಸರಿದಾಗ ಆ ಎಫ್‌ನ ಬಣ್ಣ ಹೇಗೆ ತಿರುಗುತ್ತದೆ ಎಂದು ಕೇಳಿ. ಆಮೇಲೆ ಸಿ ಹಿಡಿದು ಅದನ್ನೇ ಮಾಡಿ.

ಮೂರನೇ ವಾಲ್ವ್

ವಾದ್ಯದ ಕಡೆಯಿಂದ ಎರಡು ಮಾತು. ಯಾಕೆಂದರೆ ‘ಸುಲಭ ಸ್ವರಗಳು’ ಅನ್ನುವುದು ಟ್ರಂಪೆಟ್ ಹಿಡಿದವರಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಇದು ಬಿ ಫ್ಲ್ಯಾಟ್ ವಾದ್ಯ. ಬರಹದ ಸಿ ಊದಿದರೆ ಪಿಯಾನೊದ ಬಿ ಫ್ಲ್ಯಾಟ್ ಕೇಳುತ್ತದೆ. ಹಾಗಾಗಿ ‘ಸೋ ವಾಟ್’ ಟ್ರಂಪೆಟಿಗೆ ಇ ಡೋರಿಯನ್, ಎರಡು ಶಾರ್ಪ್ (ಅರ್ಧ ಸ್ವರ ಏರಿದವು). ಬ್ರಿಡ್ಜ್ ಎಫ್ ಡೋರಿಯನ್, ಮೂರು ಫ್ಲ್ಯಾಟ್ (ಅರ್ಧ ಸ್ವರ ಇಳಿದವು). ಪಿಯಾನೊದ ಸಿ, ಅಂದರೆ ಮೇಲೆ ಹೇಳಿದ ಆ ಎರಡು ಸಮಾನ ಸ್ವರಗಳಲ್ಲಿ ಒಂದು, ಟ್ರಂಪೆಟಿನ ಬರಹದಲ್ಲಿ ಡಿ. ಕೆಳಗಿನ ಡಿಗೆ ಒಂದನೇ ಮತ್ತು ಮೂರನೇ ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಒಟ್ಟಿಗೆ ಒತ್ತಬೇಕು, ಆ ಜೋಡಿ ಸಹಜವಾಗಿಯೇ ಶ್ರುತಿಗಿಂತ ಮೇಲೆ ನಿಲ್ಲುತ್ತದೆ. ಕಾರಣ ಕೊಳವೆಯ ಲೆಕ್ಕದಲ್ಲಿದೆ. ಎರಡನೇ ವಾಲ್ವ್ ಅರ್ಧ ಸ್ವರ, ಒಂದನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಪ್ರತಿಯೊಂದರ ಕೊಳವೆಯನ್ನೂ ವಾಲ್ವ್ ಒತ್ತದ ಕೊಳವೆಯ ಉದ್ದಕ್ಕೆ, ಅಂದರೆ ಸುಮಾರು ಒಂದೂವರೆ ಮೀಟರಿಗೆ ಹೊಂದಿಸಿ ಕತ್ತರಿಸಿರುತ್ತಾರೆ. ಒಂದು ವಾಲ್ವ್ ಒತ್ತಿದಾಗಲೇ ಕೊಳವೆ ಉದ್ದವಾಗಿರುತ್ತದೆ, ಆಮೇಲೆ ಎರಡನೆಯದು ಸೇರಿಸುವ ತುಂಡು ಆ ಹೊಸ ಉದ್ದಕ್ಕೆ ಸಾಲುವುದಿಲ್ಲ. ಸ್ವರ ಮೇಲೇರುತ್ತದೆ. ಮೂರೂ ಒತ್ತಿದರೆ, ಅಂದರೆ ಕೆಳಗಿನ ಸಿ ಶಾರ್ಪ್‌ಗೆ, ಇನ್ನೂ ಹೆಚ್ಚು.

ಪರಿಹಾರ ಎಡಗೈಯ ಉಂಗುರ ಬೆರಳಲ್ಲಿದೆ. ಮೂರನೇ ವಾಲ್ವಿನ ಸ್ಲೈಡನ್ನು (ಜಾರುವ ಕೊಳವೆ) ಹೊರಗೆ ತಳ್ಳಬೇಕು: ಡಿಗೆ ಸುಮಾರು 1 ಸೆಂ.ಮೀ., ಸಿ ಶಾರ್ಪ್‌ಗೆ ಅದರ ಎರಡರಷ್ಟು. ವಾದ್ಯದಿಂದ ವಾದ್ಯಕ್ಕೆ ವ್ಯತ್ಯಾಸ ಇರುತ್ತದೆ, ಟ್ಯೂನರ್ ಇಟ್ಟು ನಿಮ್ಮದರ ಅಳತೆ ಕಂಡುಕೊಳ್ಳಿ. ಸ್ಲೈಡ್ ಬಿಗಿಯಾಗಿದ್ದರೆ ಹಳೆಯ ಗ್ರೀಸ್ ಒರೆಸಿ ತೆಳುವಾದ ಎಣ್ಣೆ ಹಾಕಿ. ತಳ್ಳುವಾಗ ಮೌತ್‌ಪೀಸ್ ತುಟಿಯ ಮೇಲೆ ಅಲುಗಿದರೆ ಸ್ವರ ಒಡೆಯುತ್ತದೆ.

ಇನ್ನೊಂದು, ಮತ್ತು ಇದೇ ದೊಡ್ಡದು: ಪಿಯಾನೊದಲ್ಲಿ ಕೀ ಒತ್ತಿದರೆ ಸ್ವರ ಸಿದ್ಧ. ಟ್ರಂಪೆಟಿನಲ್ಲಿ ಒಂದೇ ಬೆರಳ ಭಂಗಿಗೆ ಹಲವು ಸ್ವರ. ಯಾವುದು ಬರಬೇಕು ಎಂದು ತುಟಿ ಮತ್ತು ಗಾಳಿ ನಿರ್ಧರಿಸುತ್ತವೆ, ಅದಕ್ಕೂ ಮೊದಲು ಕಿವಿ. ಒಳಗೆ ಕೇಳಿಸದ ಸ್ವರ ಹೊರಗೆ ಬರುವುದಿಲ್ಲ. ಮೌನದ ನಂತರ ತಣ್ಣಗಾದ ತುಟಿಯಿಂದ ಒಂದು ಒಂಟಿ ಸ್ವರವನ್ನು ಕಂಪನವಿಲ್ಲದೆ, ನಾಲಿಗೆಯ ಏಟು ಕೇಳದಂತೆ, ಶ್ರುತಿಯ ನಡುಮಧ್ಯಕ್ಕೆ ಇಡುವುದು ವೇಗದ ಓಟಕ್ಕಿಂತ ಹೆಚ್ಚು ಬೆತ್ತಲೆ. ಓಟದಲ್ಲಿ ಒಂದು ಸ್ವರ ಸ್ವಲ್ಪ ಜಾರಿದರೆ ಮುಂದಿನದು ಮುಚ್ಚಿಕೊಳ್ಳುತ್ತದೆ, ಇಲ್ಲಿ ಮುಚ್ಚುವವರು ಯಾರೂ ಇಲ್ಲ.

ಬೀಬಾಪ್ ಪಕ್ಷಪಾತಿ

ಸಪಾಟು ನೆಲದ ಮಾತು ಒಪ್ಪಿದೆ. ‘ಕಷ್ಟ ಅನ್ನಬೇಡಿ’ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಕಷ್ಟದ ಜಾತಿ ಬೇರೆ.

ಮಂದ್ರ

ಯಾವ ಸ್ವರ ಎಂಬುದರ ಬಗ್ಗೆಯೇ ಮಾತು ಆಗುತ್ತಿದೆ. ಎಷ್ಟು ಹೊತ್ತಿಗೆ ಎಂಬುದಕ್ಕೂ ಬರೋಣ. ಈ ಸೋಲೋದ ಅರ್ಧ ಜೀವ ಅಲ್ಲಿದೆ.

ಸ್ವಿಂಗ್‌ನಲ್ಲಿ ಒಂದು ಬೀಟನ್ನು ಸಮ ಎರಡು ಭಾಗ ಮಾಡುವುದಿಲ್ಲ. ಮೊದಲರ್ಧ ಉದ್ದ, ಎರಡನೆಯದು ಗಿಡ್ಡ. ನಿಧಾನ ಗತಿಯಲ್ಲಿ ಎರಡಕ್ಕೆ ಒಂದರ ಹತ್ತಿರ, ವೇಗ ಏರಿದಂತೆ ಸಮಕ್ಕೆ ಸರಿಯುತ್ತದೆ. 136ರ ಗತಿಯಲ್ಲಿ ಒಂದು ಬೀಟ್ ಅರ್ಧ ಸೆಕೆಂಡಿಗೂ ಕಡಿಮೆ. ಅದರೊಳಗೆ ಒಳ್ಳೆಯ ಸೋಲೋ ವಾದಕರು ಇನ್ನೂ ಒಂದು ಕೆಲಸ ಮಾಡುತ್ತಾರೆ: ಬೀಟಿನ ಮೇಲಿನ ಸ್ವರವನ್ನು ಡ್ರಮ್ಮಿಗಿಂತ ಕೂದಲೆಳೆಯಷ್ಟು ತಡವಾಗಿ ಇಟ್ಟು, ಬೀಟಿನ ನಡುವಿನ ಗಿಡ್ಡ ಸ್ವರವನ್ನು ಸಿಂಬಲ್ ಜತೆ ಸರಿಯಾಗಿ ಕೂಡಿಸುತ್ತಾರೆ. ಹಾಗಾಗಿ ಆರಾಮಾಗಿ ಹಿಂದೆ ಒರಗಿಕೊಂಡಂತೆ ಕೇಳುತ್ತದೆ, ಆದರೆ ಗತಿ ಕುಸಿಯುವುದಿಲ್ಲ. ಎರಡೂ ತಡವಾದರೆ ಅದು ಬರೀ ಎಳೆತ. ಇದನ್ನು ನಕಲು ಮಾಡಲು ಹೋದವರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲಿ.

ಅಭ್ಯಾಸಕ್ಕೆ: ಮೆಟ್ರೊನೋಮನ್ನು 136ಕ್ಕೆ ಇಡಬೇಡಿ, 68ಕ್ಕೆ ಇಡಿ. ಪ್ರತಿ ಕ್ಲಿಕ್ಕನ್ನೂ ಎರಡನೇ ಮತ್ತು ನಾಲ್ಕನೇ ಬೀಟ್ ಎಂದು ಹಿಡಿಯಿರಿ. ಒಂದು ಮತ್ತು ಮೂರು ನಿಮ್ಮೊಳಗಿಂದಲೇ ಬರಬೇಕು. ಆರಂಭದಲ್ಲಿ ಕ್ಲಿಕ್ ತಿರುಗಿಬಿದ್ದು ಒಂದು, ಮೂರು ಅನ್ನಿಸಲು ಶುರುವಾಗುತ್ತದೆ. ಹಾಗಾದಾಗ ನಿಲ್ಲಿಸಿ, ಬಾಯಲ್ಲಿ ಎಣಿಸಿ ಮತ್ತೆ ಹಿಡಿಯಿರಿ. ವಾದ್ಯ ಬೇಡ, ಬಾಯಲ್ಲೇ ಸೋಲೋ ಹಾಡಿ.

ನಾಲಿಗೆಯ ವಿಷಯ: ಅರ್ಧ ಬೀಟಿನ ಸ್ವರಗಳ ಸಾಲಿನಲ್ಲಿ ಬೀಟಿನ ನಡುವಿನ ಸ್ವರಕ್ಕೆ ನಾಲಿಗೆ, ಅಲ್ಲಿಂದ ಮುಂದಿನ ಬೀಟಿಗೆ ಜಾರು. ಬೀಟಿನ ಮೇಲೆಯೇ ನಾಲಿಗೆ ಹಾಕಿದರೆ ಕವಾಯತಿನ ಕಹಳೆಯಂತೆ ಕೇಳುತ್ತದೆ.

ಹೊಸ ಕಿವಿ

17, 25, 33 ಈಗ ಸಿಕ್ಕಿತು, ಧನ್ಯವಾದ. ಇನ್ನೊಂದು ಪ್ರಶ್ನೆ. ಹಳೆಯ ತಟ್ಟೆಯ ಜತೆ ಕೀಬೋರ್ಡ್ ನುಡಿಸಿದರೆ ಶ್ರುತಿ ಕೂಡೋದೇ ಇಲ್ಲ. ಡಿಗೂ ಇ ಫ್ಲ್ಯಾಟ್‌ಗೂ ನಡುವೆ ಎಲ್ಲೋ ಇದೆ. ಕೀಬೋರ್ಡ್ ಸರಿಯಾಗಿದೆ.

ಎಂಟರ ಲೆಕ್ಕ

ಕೀಬೋರ್ಡಿನ ತಪ್ಪಲ್ಲ. ಮಾರ್ಚ್ 2ರ ಮುದ್ರಣದ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದ ಯಂತ್ರದಲ್ಲಿ ನುಡಿಸಿದರೆ ಎಲ್ಲವೂ ಕೊಂಚ ವೇಗ, ಕೊಂಚ ಮೇಲಿನ ಶ್ರುತಿ. ಹಾಗಾಗಿ ತಟ್ಟೆಯ ಮೊದಲ ಬದಿಯ ಮೂರೂ ರಚನೆಗಳು, ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’, ದಶಕಗಳ ಕಾಲ ಹಾಗೇ ಕೇಳಿಬಂದವು. ಎರಡನೇ ಬದಿ ಏಪ್ರಿಲ್ 22ರ ಮುದ್ರಣ, ಅದಕ್ಕೆ ಈ ದೋಷವಿಲ್ಲ. ಅದೃಷ್ಟಕ್ಕೆ ಮಾರ್ಚ್ 2ರಂದು ಜತೆಯಲ್ಲೇ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪ್ ಸರಿಯಾದ ವೇಗದ್ದಾಗಿತ್ತು, 1992ರ ಮರುಬಿಡುಗಡೆಯಲ್ಲಿ ಅದನ್ನು ಬಳಸಿ ಸರಿಪಡಿಸಿದರು. ಜತೆಗೆ ನುಡಿಸಬೇಕೆಂದಿದ್ದರೆ 1992ರ ನಂತರದ, ವೇಗ ತಿದ್ದಿದ ಆವೃತ್ತಿ ತೆಗೆದುಕೊಳ್ಳಿ. ಹಳೆಯದೇ ಇದ್ದರೆ ಟ್ಯೂನರ್ ಹಿಡಿದು ಬಾಸ್‌ನ ಡಿ ಎಷ್ಟು ಮೇಲಿದೆ ನೋಡಿ, ವೇಗ ಬದಲಿಸುವ ತಂತ್ರಾಂಶದಲ್ಲಿ ಅಷ್ಟೇ ಇಳಿಸಿ. ವೇಗ ಮತ್ತು ಶ್ರುತಿ ಒಟ್ಟಿಗೇ ಇಳಿಯಬೇಕು. ಶ್ರುತಿ ಮಾತ್ರ ಇಳಿಸುವ ಗುಂಡಿ ಒತ್ತಿದರೆ ಗತಿ ತಪ್ಪಾಗಿಯೇ ಉಳಿಯುತ್ತದೆ.

ಮೂರನೇ ವಾಲ್ವ್

ಇದನ್ನು ಸ್ವರ ಹಚ್ಚಿ ಬರೆದುಕೊಳ್ಳಬೇಕೆಂದು ಇರುವವರಿಗೆ ಒಂದು ಕ್ರಮ. ದಿನಕ್ಕೆ 8 ಬಾರ್‌ಗಿಂತ ಹೆಚ್ಚು ಬೇಡ.

ಮೊದಲು ಆ 8 ಬಾರ್‌ಗಳನ್ನು ಏನೂ ಮಾಡದೆ ಹತ್ತು ಸಲ ಕೇಳಿ. ಆಮೇಲೆ ಮುದ್ರಣದ ಜತೆ ಹಾಡಿ, ಸ್ವರದ ಹೆಸರು ಬೇಡ, ‘ದಾ’, ‘ದು’ ಸಾಕು. ಮುದ್ರಣ ನಿಲ್ಲಿಸಿ ಒಬ್ಬರೇ ಹಾಡಿ. ಎಲ್ಲಿ ತಡವರಿಸಿತೋ ಅಲ್ಲಿ ನಿಮ್ಮ ಕಿವಿ ಕೇಳಿಲ್ಲ, ಊಹಿಸಿದೆ. ಹಾಡು ಗಟ್ಟಿಯಾದ ಮೇಲೆ ಟ್ರಂಪೆಟಿನಲ್ಲಿ ಹುಡುಕಿ. ಕಾಗದ ಕೊನೆಗೆ.

ವೇಗ ತಗ್ಗಿಸುವುದಾದರೆ ನೂರಕ್ಕೆ 70ರಿಂದ 75ಕ್ಕೆ ನಿಲ್ಲಿಸಿ. ಅರ್ಧಕ್ಕಿಂತ ಕೆಳಗಿಳಿದರೆ ಸ್ವರದ ಆರಂಭ ಮಸುಕಾಗಿ, ನುಂಗಿದ ಸ್ವರವೂ ನಿಜವಾದ ಸ್ವರದಷ್ಟೇ ದೊಡ್ಡದಾಗಿ ಕೇಳುತ್ತದೆ. ಜಾಝ್‌ನಲ್ಲಿ ನುಂಗಿದ ಸ್ವರಕ್ಕೆ ದೊಡ್ಡ ಕೆಲಸ ಇದೆ. ಬೆರಳು ನುಡಿಸುತ್ತದೆ, ಗಾಳಿ ಹಿಂದೆ ಸರಿಯುತ್ತದೆ, ಕೇಳುಗನಿಗೆ ಅದು ಊಹೆಯಾಗಿ ತಲುಪುತ್ತದೆ. ಅದನ್ನು ಆವರಣದೊಳಗೆ ಬರೆಯಿರಿ. ಎಲ್ಲವನ್ನೂ ಒಂದೇ ತೂಕದಲ್ಲಿ ಬರೆದ ಪ್ರತಿ ನೋಡಿ ನುಡಿಸಿದರೆ ಸ್ವರಗಳೆಲ್ಲ ಸರಿ ಇದ್ದೂ ಮೈಲ್ಸ್ ಇರುವುದಿಲ್ಲ.

ಶ್ರುತಿಯ ಗೊಂದಲ ತಪ್ಪಿಸಲು ಹಾಳೆಯ ತಲೆಯಲ್ಲೇ ಬರೆದಿಡಿ: ಇದು ಪಿಯಾನೊ ಶ್ರುತಿಯದೋ, ಟ್ರಂಪೆಟ್ ಶ್ರುತಿಯದೋ.

ಸ್ವರಾಸಕ್ತ

ಇದಕ್ಕೆ ಸೇರಿಸಲು ಒಂದಿದೆ. ಸ್ವರಗಳನ್ನು ಬರೆಯುವ ಮೊದಲು ಮೌನವನ್ನು ಬರೆಯಿರಿ. ಒಂದು ಹಾಳೆಯಲ್ಲಿ ಎಂಟು ಸಾಲು, ಸಾಲಿಗೆ ಎಂಟು ಚೌಕ. 64 ಚೌಕ, 64 ಬಾರ್. ಪ್ರತಿ ಚೌಕದಲ್ಲಿ ನಾಲ್ಕು ಬೀಟಿಗೆ ನಾಲ್ಕು ಚುಕ್ಕೆ. ಟ್ರಂಪೆಟ್ ಕೇಳುತ್ತಿರುವ ಬೀಟಿನ ಚುಕ್ಕೆಗೆ ಮಸಿ ತುಂಬಿ, ಮೌನದ್ದನ್ನು ಹಾಗೇ ಬಿಡಿ. ಸ್ವರಜ್ಞಾನ ಬೇಕಿಲ್ಲ, ಲೆಕ್ಕ ಸಾಕು. ಒಂದು ಸಂಜೆಯ ಕೆಲಸ.

ಹಾಳೆ ತುಂಬಿದ ಮೇಲೆ ಮೂರು ಕಡೆ ನೋಡಿ. ಪದಗುಚ್ಛಗಳು ಎಲ್ಲಿ ಶುರುವಾಗುತ್ತವೆ, ಒಂದನೇ ಬೀಟಿನಲ್ಲೋ ಅದರ ಆಚೀಚೆಯೋ? ಎಂಟು ಬಾರ್‌ನ ಗಡಿಯಲ್ಲಿ ಮೌನವಿದೆಯೋ, ಗಡಿಯ ಮೇಲೇ ಹಾದುಹೋಗಿದ್ದಾರೋ? ಮೌನದ ಅಳತೆ ಒಂದೇ ತೆರನಾಗಿದೆಯೋ, ಬದಲಾಗುತ್ತಿದೆಯೋ? ಅದೇ ಹಾಳೆಯ ಪಕ್ಕದಲ್ಲಿ ಕೋಲ್ಟ್ರೇನ್ ಅವರ ಎರಡು ಕೋರಸ್‌ಗೂ ಇನ್ನೊಂದು ಹಾಳೆ ತುಂಬಿ. ಒಂದೇ ಚೌಕಟ್ಟು, ಒಂದೇ ಗತಿ, ಅದೇ ಬಾಸ್ ಮತ್ತು ಡ್ರಮ್. ಎರಡು ಹಾಳೆ ಜತೆಗಿಟ್ಟು ನೋಡಿದಾಗ ಮೈಲ್ಸ್ ಯಾಕೆ ಮೈಲ್ಸ್ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಕಂಚಿನ ಕೊಳವೆ

ಆ ನಾದಕ್ಕೆ ವಾದ್ಯ ಎಷ್ಟು ಕಾರಣ? ಮಾರ್ಟಿನ್ ಕಮಿಟಿ ಮಾದರಿಯ ಟ್ರಂಪೆಟ್ ಬಳಸುತ್ತಿದ್ದರು ಅಂತ ಗೊತ್ತು. ಅದರ ಜತೆ ಹಾರ್ಮನ್ ಮ್ಯೂಟ್ (ಟ್ರಂಪೆಟಿನ ಬಾಯೊಳಗೆ ಇಟ್ಟು ಸದ್ದು ತಗ್ಗಿಸುವ ಸಾಧನ) ಹಾಕಿದರೆ ಆ ನಾದದ ಹತ್ತಿರ ಹೋಗಬಹುದಾ?

ಮೂರನೇ ವಾಲ್ವ್

‘ಸೋ ವಾಟ್’ನಲ್ಲಿ ಮ್ಯೂಟ್ ಇಲ್ಲ, ತೆರೆದ ಟ್ರಂಪೆಟ್. ಮ್ಯೂಟ್ ಬೇಕಿದ್ದರೆ ಅದೇ ತಟ್ಟೆಯ ‘ಬ್ಲೂ ಇನ್ ಗ್ರೀನ್’ ಮತ್ತು ‘ಫ್ಲಮೆಂಕೊ ಸ್ಕೆಚಸ್’ ಕೇಳಿ.

ಕಮಿಟಿ ಮಾದರಿಯ ನಾದ ಸ್ವಲ್ಪ ಮಬ್ಬು, ಅಂಚು ಮೃದು, ಅದು ನಿಜ. ಆದರೆ ಅದೇ ವಾದ್ಯವನ್ನು ಡಿಝ್ಝಿ ಗಿಲೆಸ್ಪಿಯೂ ನುಡಿಸಿದ್ದಾರೆ, ಇಬ್ಬರ ನಾದಕ್ಕೂ ಸಂಬಂಧವೇ ಇಲ್ಲ. ನಾದದ ಬಹುಪಾಲು ಬಾಯಿಯ ಒಳಗಿನ ಆಕಾರ, ಗಾಳಿಯ ವೇಗ, ಮನಸ್ಸಿನಲ್ಲಿರುವ ಧ್ವನಿ. ಹಣ ಖರ್ಚು ಮಾಡುವ ಮೊದಲು ಮೂರು ತಿಂಗಳು ನೀಳ ಸ್ವರ ಊದಿ: ಮಧ್ಯಸ್ಥಾಯಿಯ ಬರಹದ ಜಿಯಿಂದ ಕೆಳಗೆ ಅರ್ಧರ್ಧ ಸ್ವರ ಇಳಿಯುತ್ತಾ, ಒಂದೊಂದು 12 ಬೀಟ್, ಗತಿ 60, ಮೆಲುದನಿಯಲ್ಲಿ, ಕಂಪನವಿಲ್ಲದೆ. ಮೆಲ್ಲಗೆ ಊದುವಾಗ ಸ್ವರ ನಡುಗಿದರೆ ತುಟಿಯನ್ನು ಬಿಗಿಯಬೇಡಿ, ಗಾಳಿ ಕಡಿಮೆಯಾಗಿದೆ. ಸದ್ದು ಕಡಿಮೆ ಎಂದರೆ ಗಾಳಿ ನಿಧಾನ ಎಂದಲ್ಲ.

ಹಾರ್ಮನ್ ಬಗ್ಗೆ ಕೇಳಿದ್ದೀರಿ ಅಂತ: ಅದರ ನಡುವೆ ಸಣ್ಣ ಕೊಳವೆ ಇರುತ್ತದೆ, ಮೈಲ್ಸ್ ಅದನ್ನು ತೆಗೆದುಬಿಟ್ಟು ನುಡಿಸುತ್ತಿದ್ದರು. ಸುತ್ತಲಿನ ಕಾರ್ಕ್ ಪೂರ್ತಿ ಉಂಗುರ, ಗಾಳಿಯೆಲ್ಲ ಮ್ಯೂಟಿನೊಳಗಿಂದಲೇ ಹಾಯಬೇಕು. ಕಾರ್ಕ್ ಒಂದು ಕಡೆ ಸವೆದಿದ್ದರೆ ಗಾಳಿ ಸೋರಿ ಆ ಝೇಂಕಾರ ಹುಟ್ಟುವುದಿಲ್ಲ, ಕೆಲವೊಮ್ಮೆ ಮ್ಯೂಟ್ ಕಳಚಿ ನೆಲಕ್ಕೆ ಬೀಳುತ್ತದೆ. ಹಾಕುವ ಮೊದಲು ಬೆಲ್ಲಿನ (ಟ್ರಂಪೆಟಿನ ಅಗಲ ಬಾಯಿ) ಒಳಗೆ ಬಾಯಿಂದ ಬಿಸಿ ಉಸಿರು ಬಿಟ್ಟು ತೇವ ಮಾಡಿ, ಒಳಗಿಟ್ಟು ಸ್ವಲ್ಪ ತಿರುಗಿಸಿ. ಹಾರ್ಮನ್ ಹಾಕಿದಾಗ ಶ್ರುತಿ ಮೇಲೇರುತ್ತದೆ, ಮುಖ್ಯ ಸ್ಲೈಡನ್ನು ಕೆಲವು ಮಿಲಿಮೀಟರ್ ಹೊರಗೆಳೆಯಿರಿ. ತೆಗೆದ ಮೇಲೆ ವಾಪಸ್ ತಳ್ಳುವುದನ್ನು ಮರೆಯಬೇಡಿ. ಸದ್ದು ತೀರಾ ಸಣ್ಣದು, ಮೈಕ್ ಬೆಲ್ಲಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ಬೇಕು. ದೂರ ಇಟ್ಟು ವಾಲ್ಯೂಮ್ ಏರಿಸಿದರೆ ತಗಡಿನ ಸದ್ದು ಮಾತ್ರ ಸಿಗುತ್ತದೆ.

ಹೊಸ ಕಿವಿ

ಇದನ್ನೆಲ್ಲ ಓದಿದ ಮೇಲೆ ಒಂದು ಅನುಮಾನ. ಇಷ್ಟು ಅಚ್ಚುಕಟ್ಟಾದದ್ದು ಆ ಕ್ಷಣದಲ್ಲೇ ಹುಟ್ಟಿದ್ದು ಅಂತ ಹೇಗೆ ಹೇಳ್ತೀರಿ? ಮೊದಲೇ ಕಟ್ಟಿಕೊಂಡು ಬಂದಿರಬಹುದಲ್ಲ?

ಮಂದ್ರ

ಬೇರೆ ಮುದ್ರಣಗಳ ಜತೆ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಅದೇ ವರ್ಷದ ಏಪ್ರಿಲ್ 2ರಂದು, ಒಂದೇ ತಿಂಗಳ ಅಂತರದಲ್ಲಿ, ದೂರದರ್ಶನ ಕಾರ್ಯಕ್ರಮಕ್ಕಾಗಿ ‘ಸೋ ವಾಟ್’ ನುಡಿಸಿದ್ದಾರೆ. ಪಿಯಾನೊದಲ್ಲಿ ವಿಂಟನ್ ಕೆಲ್ಲಿ, ಆಡರ್ಲಿ ಇಲ್ಲ. ಚೌಕಟ್ಟು ಅದೇ, ಸೋಲೋ ಬೇರೆ. 1961ರ ಮೇ 19ರ ಕಾರ್ನೆಗಿ ಹಾಲ್ ಮುದ್ರಣ ಇದೆ. 1964ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಫಿಲ್ಹಾರ್ಮೊನಿಕ್ ಹಾಲ್‌ನಲ್ಲಿ ಹರ್ಬಿ ಹ್ಯಾನ್‌ಕಾಕ್, ರಾನ್ ಕಾರ್ಟರ್, ಟೋನಿ ವಿಲಿಯಮ್ಸ್ ಜತೆ ನುಡಿಸಿದ್ದು ಇದೆ, ಅಲ್ಲಿ ಗತಿ ಎಷ್ಟು ಏರಿದೆಯೆಂದರೆ ಅದೇ ರಚನೆ ಎಂದು ನಂಬಲು ಹೊತ್ತು ಬೇಕು. ವಿಲಿಯಮ್ಸ್‌ಗೆ ಆಗ 18 ವರ್ಷ. ಮೈಲ್ಸ್ ಅಲ್ಲಿ ತಾರಸ್ಥಾಯಿಗೆ ಚಿಮ್ಮುತ್ತಾರೆ, ಸ್ವರಗಳನ್ನು ಒಡೆಯುತ್ತಾರೆ. 1959ರ ಶಾಂತಿ ಅವರ ಮಿತಿಯಾಗಿರಲಿಲ್ಲ, ಆಯ್ಕೆಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಂದೇ ದಿನದ ಎರಡು ರೂಪ ಬೇಕಿದ್ದರೆ ‘ಫ್ಲಮೆಂಕೊ ಸ್ಕೆಚಸ್’ನ ಇನ್ನೊಂದು ಪೂರ್ಣ ಮುದ್ರಣವೂ ಹೊರಬಂದಿದೆ. ಅದರಲ್ಲಿ ಬರೆದ ರಾಗವೇ ಇಲ್ಲ, ಐದು ಸ್ಕೇಲ್‌ಗಳ ಸಾಲು ಮಾತ್ರ, ಒಂದೊಂದರಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನುಡಿಸುವವರಿಗೆ ಬಿಟ್ಟದ್ದು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ.

ಕಂಚಿನ ಕೊಳವೆ

ಹಾಗಾದರೆ ಕಾರ್ಡ್ ಓಟ ಬಿಟ್ಟು ಸ್ಕೇಲ್ ಮೇಲೆ ನಿಲ್ಲುವ ಈ ಬಗೆ ಜಾಝ್‌ನಲ್ಲಿ ‘ಸೋ ವಾಟ್’ನಿಂದಲೇ ಶುರುವಾಯಿತು ಅನ್ನಬಹುದಾ?

ಎಂಟರ ಲೆಕ್ಕ

ಇಲ್ಲ. ಮೈಲ್ಸ್ ಅವರದೇ ‘ಮೈಲ್‌ಸ್ಟೋನ್ಸ್’ 1958ರದು, ಅದೂ ಎರಡು ಸ್ಕೇಲ್‌ಗಳ ಮೇಲೆ ನಿಂತ 40 ಬಾರ್‌ನ ರಚನೆ. ‘ಸೋ ವಾಟ್’ ಆ ದಾರಿಯನ್ನು ಇನ್ನೂ ಬಯಲು ಮಾಡಿತು.

ಬೀಬಾಪ್ ಪಕ್ಷಪಾತಿ

ಮೌನದ ಹಾಳೆ ತುಂಬುವವರು ಇನ್ನೊಂದನ್ನೂ ಸೇರಿಸಿಕೊಳ್ಳಿ: ಲೂಯಿ ಆರ್ಮ್‌ಸ್ಟ್ರಾಂಗ್ ಅವರ ‘ವೆಸ್ಟ್ ಎಂಡ್ ಬ್ಲೂಸ್’, 1928ರ ಜೂನ್ 28, ಷಿಕಾಗೊ. ಎಲ್ಲರೂ ಆರಂಭದ ಒಂಟಿ ಟ್ರಂಪೆಟಿನ ಭಾಗವನ್ನು ಕೊಂಡಾಡುತ್ತಾರೆ, ಅದು ತಕ್ಕದ್ದೇ. ಹಿಂದೆ ಯಾವ ವಾದ್ಯವೂ ಇಲ್ಲದೆ ಸ್ವಿಂಗ್ ಕೇಳಿಸುತ್ತದೆ. ಆದರೆ ಕೊನೆಯ ಕೋರಸ್‌ಗೆ ಹೋಗಿ. ಹನ್ನೆರಡು ಬಾರ್ ಬ್ಲೂಸ್‌ನ ಮೊದಲ ನಾಲ್ಕು ಬಾರ್‌ಗೆ ಹೆಚ್ಚುಕಡಿಮೆ ಒಂದೇ ಸ್ವರ, ತಾರಸ್ಥಾಯಿಯ ಬಿ ಫ್ಲ್ಯಾಟ್, ಹಿಡಿದೇ ಇರುತ್ತಾರೆ. ನಿಮ್ಮ ಹಾಳೆಯಲ್ಲಿ ನಾಲ್ಕು ಚೌಕ ಪೂರ್ತಿ ಕಪ್ಪು. ಮೈಲ್ಸ್ ಚೌಕಗಳನ್ನು ಬಿಳಿ ಬಿಟ್ಟು ಮಾಡಿದ ಕೆಲಸವನ್ನು ಆರ್ಮ್‌ಸ್ಟ್ರಾಂಗ್ 31 ವರ್ಷ ಮೊದಲು ಚೌಕಗಳನ್ನು ತುಂಬಿ ಮಾಡಿದ್ದಾರೆ: ಏನೂ ಬದಲಾಗದೆ ನಿಂತಾಗ ಮುಂದಿನ ಸ್ವರಕ್ಕಾಗಿ ಕಿವಿ ಹಸಿಯುತ್ತದೆ. ಐದನೇ ಬಾರ್‌ಗೆ ಕಾರ್ಡ್ ಬದಲಾಗುವ ಹೊತ್ತಿಗೆ ಆ ಸ್ವರ ಬಿಚ್ಚಿಕೊಂಡು ಕೆಳಗೆ ಸುರಿಯುತ್ತದೆ.

ಸ್ವರಾಸಕ್ತ

ಇದು ಹೊಳೆದಿರಲಿಲ್ಲ, ಕೂಡಲೇ ಕೇಳಿದೆ. ಸರಿಯಾಗಿ ಹೇಳಿದ್ದೀರಿ.

ಹೊಸ ಕಿವಿ

64 ಚೌಕ ತುಂಬಿ ಆಯ್ತು. ಬ್ರಿಡ್ಜ್‌ಗಳ ಸಾಲು ಇನ್ನೊಮ್ಮೆ ಪರೀಕ್ಷಿಸಬೇಕು, ಚುಕ್ಕೆ ಎರಡು ಕಡೆ ಅನುಮಾನ. ಕೋಲ್ಟ್ರೇನ್ ಹಾಳೆ ನಾಳೆ. ನೀಳ ಸ್ವರ ಒಂದಕ್ಕೆ ಬರೀ ಆರಂಭದ ಚುಕ್ಕೆ ತುಂಬಬೇಕಾ, ಅದು ಮುಗಿಯುವವರೆಗೆ ಎಲ್ಲ ಚುಕ್ಕೆನಾ?

ಸ್ವರಾಸಕ್ತ

ಮುಗಿಯುವವರೆಗೆ ಎಲ್ಲ. ಆರಂಭದ ಚುಕ್ಕೆಯ ಸುತ್ತ ಒಂದು ವೃತ್ತ ಹಾಕಿ, ಎಲ್ಲಿ ಹುಟ್ಟಿತು ಎಲ್ಲಿ ಮುಗಿಯಿತು ಎರಡೂ ಕಾಣುತ್ತದೆ. ಸ್ವರ ಬೀಟಿನ ನಡುವೆ ನಿಂತರೆ ಆ ಚುಕ್ಕೆಗೆ ಅರ್ಧ ಮಸಿ.